ಯಾವಾಗ ಹುರಿದದ್ದು?

"ಇದು ಯಾವಾಗ ಹುರಿದದ್ದು?"

ಕಾಫಿ ಬೀಜದ ಪ್ಯಾಕೆಟ್ ಹಿಡಿದು ನಾನು ಕೇಳಿದ್ದು ಇಷ್ಟೇ. ಅಂಗಡಿಯ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಫ್ರೆಶ್ ಮೇಡಂ" ಅಂದ. ಫ್ರೆಶ್ ಅನ್ನೋದು ತಾರೀಖಲ್ಲ ಅಲ್ವಾ? ಮತ್ತೆ ಕೇಳಿದೆ. "ನಿನ್ನೆ ತಾನೇ ಬಂತು" ಅಂದ. ಬಂದದ್ದು ನಿನ್ನೆ, ಸರಿ. ಹೊರಟದ್ದು ಯಾವಾಗ? ಅವನು ಪ್ಯಾಕೆಟ್ ತಿರುಗಿಸಿ ಹೆಮ್ಮೆಯಿಂದ ತೋರಿಸಿದ. "ಬೆಸ್ಟ್ ಬಿಫೋರ್ ಇನ್ನೂ ಹನ್ನೊಂದು ತಿಂಗಳಿದೆ ನೋಡಿ!" ವಯಸ್ಸು ಕೇಳಿದರೆ ಸಾಯುವ ತಾರೀಖು ಹೇಳುವವರನ್ನು ನಾನು ಅದೇ ಮೊದಲು ನೋಡಿದ್ದು.

ಈ ಹುಚ್ಚು ಮೊದಲು ನನಗಿರಲಿಲ್ಲ. ಕಾಫಿ ಎಂದರೆ ಡಬ್ಬಿಯಲ್ಲಿರುವ ಕಂದು ಪುಡಿ ಅಂತಲೇ ನೆಮ್ಮದಿಯಾಗಿದ್ದವಳು. ಒಂದು ದಿನ ಗೆಳತಿಯೊಬ್ಬಳ ಮನೆಗೆ ಹೋದೆ. ಅವಳು ವಾರದ ಹಿಂದೆ ಹುರಿದ ಬೀಜವನ್ನು ಕಣ್ಣೆದುರೇ ಪುಡಿ ಮಾಡಿ, ಮೇಲೆ ಬಿಸಿನೀರು ಸುರಿದಳು. ಪುಡಿ ಉಸಿರೆಳೆದುಕೊಂಡ ಹಾಗೆ ಉಬ್ಬಿತು. ಗುಳ್ಳೆಗಳು ಎದ್ದು ಒಡೆದವು. ಕುಡಿದೆ. ಮನೆಗೆ ಬಂದವಳೇ ನಮ್ಮ ಡಬ್ಬಿಯ ಪುಡಿಗೂ ನೀರು ಸುರಿದೆ. ಅದು ಮಳೆಗೆ ಸಿಕ್ಕ ಮಣ್ಣಿನ ಗುಡ್ಡೆಯ ಹಾಗೆ ಕುಸಿದು ಕೂತಿತು. ಒಂದು ಗುಳ್ಳೆ ಬಂತು. ಅದೂ ಚಮಚದ್ದೇ ಇರಬೇಕು.

ಕಾರಣ ಸರಳ. ಹುರಿದ ಬೀಜದೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ದಿನ ಕಳೆದಂತೆ ಅದು ನಿಧಾನಕ್ಕೆ ಹೊರಗೆ ಹೋಗುತ್ತದೆ. ಜೊತೆಗೆ ಪರಿಮಳವೂ ಹೋಗುತ್ತದೆ. ಇಡೀ ಬೀಜವಾದರೆ ಕೆಲವು ವಾರ ತಡೆಯುತ್ತದೆ. ಪುಡಿ ಮಾಡಿದ ಮೇಲೆ ಎಲ್ಲ ಕಡೆಯಿಂದ ಗಾಳಿ ತಾಗಿ, ಅದರ ಕಥೆ ಬೇಗ ಮುಗಿಯುತ್ತದೆ. ನಮ್ಮ ಡಬ್ಬಿಯದು ಯಾವತ್ತೋ ಮುಗಿದಿತ್ತು. ನಾವು ಇಷ್ಟು ದಿನ ಅದರ ತಿಥಿ ಮಾಡಿ ಕುಡಿಯುತ್ತಿದ್ದೆವು.

ನಮ್ಮ ಯಜಮಾನರಿಗೆ ಹೇಳಿದೆ. ಅವರು ಚಹಾ ಪಾರ್ಟಿ. "ಹೌದಾ" ಅಂದರು, ಪೇಪರ್ ತಿರುಗಿಸಿದರು.

ಸರಿ, ಒಬ್ಬಳೇ ಹೊರಟೆ. ಒಳ್ಳೆಯ ಪ್ಯಾಕೆಟ್ಟಿನ ಮೇಲೆ ಗುಂಡಿಯ ಹಾಗೆ ಒಂದು ಸಣ್ಣ ವಾಲ್ವ್ ಇರುತ್ತದೆ. ಒಳಗಿನ ಗ್ಯಾಸ್ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು, ಅದಕ್ಕೆ. ಪ್ಯಾಕೆಟ್ ಒತ್ತಿ ಆ ತೂತಿಗೆ ಮೂಗು ಹಿಡಿದರೆ ಘಮ ಗೊತ್ತಾಗುತ್ತದೆ ಅಂತ ಗೆಳತಿ ಹೇಳಿದ್ದಳು. ಎಷ್ಟು ಒತ್ತಬೇಕು ಅಂತ ಹೇಳಿರಲಿಲ್ಲ. ಮೊದಲನೆಯದನ್ನು ಮೆಲ್ಲಗೆ ಒತ್ತಿದೆ, ವಾಸನೆ ಬರಲಿಲ್ಲ. ಎರಡನೆಯದಕ್ಕೆ ಸ್ವಲ್ಪ ಜಾಸ್ತಿ. ಮೂರನೆಯದನ್ನು ಎರಡೂ ಕೈಯಲ್ಲಿ ಹಿಡಿದು, ಎದೆಗೆ ಆನಿಸಿಕೊಂಡು, ಮೂಗು ಹೂತು ಹಿಂಡಿದೆ. "ಫಟ್" ಅಂತ ತಳದ ಹೊಲಿಗೆ ಬಿಟ್ಟಿತು.

ಕಾಲು ಕಿಲೋದಲ್ಲಿ ಎಷ್ಟು ಬೀಜ ಇರುತ್ತವೆ ಅಂತ ತಿಳಿಯಬೇಕಾದರೆ ನುಣುಪು ನೆಲದ ಮೇಲೆ ಚೆಲ್ಲಿ ನೋಡಬೇಕು. ಒಂದು ಬೀಜ ಕ್ಯಾಷ್ ಕೌಂಟರಿನ ತನಕ ಉರುಳಿಕೊಂಡು ಹೋಗಿ ನನಗಿಂತ ಮೊದಲೇ ವಿಷಯ ತಿಳಿಸಿತು. ದುಡ್ಡು ಕೊಟ್ಟು, ಖಾಲಿ ಪ್ಯಾಕೆಟ್ ಮಡಚುವಾಗ ತಳದಲ್ಲಿ ಕಂಡಿತು ನೋಡಿ, ನಾನು ಊರೆಲ್ಲ ಹುಡುಕುತ್ತಿದ್ದ ಹುರಿದ ತಾರೀಖು. ಆರು ತಿಂಗಳ ಹಿಂದಿನದು.

ಇನ್ನೊಂದು ಅಂಗಡಿಯಲ್ಲಿ ಗಾಜಿನ ಡಬ್ಬಗಳಲ್ಲಿ ಬೀಜ ತುಂಬಿಟ್ಟಿದ್ದರು. "ನೋಡಿ, ಹೇಗೆ ಮಿರಿಮಿರಿ ಮಿಂಚ್ತಿದೆ!" ಅಂದರು ಮಾಲೀಕರು. ನಾನೂ ಬೆರಗಾಗಿ ನೋಡಿದೆ, ಒಂದಿಷ್ಟು ಮನೆಗೆ ತಂದೆ. ಆಮೇಲೆ ಗೊತ್ತಾಯಿತು, ಮಿಂಚು ತಾಜಾತನದ ಗುರುತಲ್ಲ. ತುಂಬ ಕಪ್ಪಗೆ ಹುರಿದರೆ ಎಣ್ಣೆ ಮೇಲೆ ಬರುತ್ತದೆ, ಹಳೆಯದಾದರೂ ಬರುತ್ತದೆ. ಪರೀಕ್ಷೆಗೆ ಅಂತ ಒಂದು ಹಿಡಿ ಬೀಜವನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ರಾತ್ರಿಯಿಡೀ ಇಟ್ಟೆ. ತಾಜಾ ಇದ್ದರೆ ಬೆಳಿಗ್ಗೆ ಚೀಲ ಉಬ್ಬಿರಬೇಕು. ಐದೂವರೆಗೆ ಎದ್ದು ಟಾರ್ಚ್ ಹಿಡಿದು ನೋಡಿದೆ. ಇಸ್ತ್ರಿ ಮಾಡಿದ ಹಾಗೆ ಮಲಗಿತ್ತು. "ಏನು ಹುಡುಕ್ತಿದ್ದೀಯಾ?" ಅಂದರು ಯಜಮಾನರು. "ಗ್ಯಾಸ್" ಅಂದೆ. ಅವರು ಓಡಿ ಹೋಗಿ ಸಿಲಿಂಡರ್ ಬಂದ್ ಮಾಡಿದರು.

ಅವತ್ತು ಕಿಟಕಿ ಮುಚ್ಚಿಕೊಂಡು ಕೂತು ಕಾಫಿಯ ಚರಿತ್ರೆ ಓದಿದೆ. ಕಿಟಕಿ ಮುಚ್ಚಿದ್ದು ಯಾಕೆಂದರೆ, ಹಿಂದಿನ ಬೀದಿಯ ಯಾವುದೋ ಶೆಡ್ಡಿನಿಂದ ಆಗಾಗ ಸುಟ್ಟ ವಾಸನೆ ಬರುತ್ತದೆ. ಇರಲಿ. ಹಿಂದೆ ಜನ ಹಸಿ ಬೀಜ ತಂದು ಮನೆಯಲ್ಲೇ ಹುರಿದುಕೊಳ್ಳುತ್ತಿದ್ದರಂತೆ. ಅಮೆರಿಕದ ಜಾನ್ ಆರ್ಬಕಲ್ ಎಂಬ ವ್ಯಾಪಾರಿ ಹುರಿದ ಬೀಜ ಕೆಡದಿರಲಿ ಅಂತ ಅದಕ್ಕೆ ಮೊಟ್ಟೆ, ಸಕ್ಕರೆಯ ಲೇಪ ಬಳಿದು, 1868ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡ. 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಿಲ್ಸ್ ಬ್ರದರ್ಸ್ ಗಾಳಿ ತೆಗೆದ ಡಬ್ಬಿಯಲ್ಲಿ ಕಾಫಿ ತುಂಬಿದರು. ಹುರಿಯುವ ಕೆಲಸ ಮನೆಯಿಂದ ಆಚೆ ಹೋಯಿತು, ಅದರ ಹಿಂದೆಯೇ ತಾರೀಖೂ ಹೋಯಿತು. ಮೊಟ್ಟೆ ಬಳಿಯುವ ಆಸೆ ನನಗೂ ಒಂದು ಕ್ಷಣ ಬಂತು, ಸುಳ್ಳು ಯಾಕೆ ಹೇಳಲಿ.

ಅದರ ಬದಲು ಹಸಿ ಬೀಜ ತಂದೆ. ಹಸಿ ಬೀಜಕ್ಕೆ ಅವಸರವಿಲ್ಲ. ಒಣಗಿದ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಅವಸರ ಇದ್ದದ್ದು ನನಗೆ. 250 ಗ್ರಾಂ ಅಳೆದು ದಪ್ಪ ಬಾಣಲೆಗೆ ಸುರಿದು ಕೈಯಾಡಿಸತೊಡಗಿದೆ. ಹಸಿರಿದ್ದದ್ದು ಹಳದಿಗೆ ತಿರುಗಿತು. ಕಾಫಿಯ ಘಮ ಬರುತ್ತದೆ ಅಂತ ಮೂಗರಳಿಸಿ ನಿಂತರೆ, ಬಂದದ್ದು ಒದ್ದೆ ಹುಲ್ಲಿನ ವಾಸನೆ. ಆಮೇಲೆ ಬ್ರೆಡ್ ಸೀದ ವಾಸನೆ. ಆಮೇಲೆ ಹೊಗೆ. ಬೀಜ ಸುಮಾರು 200 ಡಿಗ್ರಿ ಮುಟ್ಟುವಾಗ ಚಟಪಟ ಸಿಡಿಯುತ್ತದೆ, ಹುರಿಯುವವರು ಇದನ್ನು ಫಸ್ಟ್ ಕ್ರ್ಯಾಕ್ ಅನ್ನುತ್ತಾರೆ. ನನಗದು ಗೊತ್ತಿತ್ತು. ಗೊತ್ತಿದ್ದೂ ಸೌಟು ಬಿಟ್ಟು ಹಿಂದಕ್ಕೆ ಹಾರಿದೆ. ಹಾರಿದ್ದರಿಂದ ಅರ್ಧ ಬೀಜ ಕಪ್ಪಾಯಿತು, ಅರ್ಧ ಹಾಗೇ ಉಳಿಯಿತು.

ಒಲೆ ಆರಿಸಿದರೆ ಸಾಲದು, ಬೀಜ ತನ್ನ ಬಿಸಿಗೆ ತಾನೇ ಹುರಿಯುತ್ತಾ ಹೋಗುತ್ತದೆ. ಬೇಗ ತಣ್ಣಗಾಗಬೇಕು. ಜರಡಿಗೆ ಸುರಿದುಕೊಂಡು ಬಾಲ್ಕನಿಗೆ ಓಡಿದೆ. ಬೀಜದ ಮೇಲೆ ತೆಳ್ಳನೆ ಪೊರೆ ಇರುತ್ತದೆ, ಹುರಿದಾಗ ಅದು ಹೊಟ್ಟಾಗಿ ಬಿಡುತ್ತದೆ. ಅದಕ್ಕೆ ಗಾಳಿ ಎಂದರೆ ಪ್ರಾಣ. ನಾನು ಜರಡಿ ಅಲ್ಲಾಡಿಸಿದೆ, ಗಾಳಿ ಬೀಸಿತು. ಕೆಳಗಿನ ಮನೆಯವರು ಒಣಗಲು ಹಾಕಿದ್ದ ಬಿಳಿ ಬೆಡ್‌ಶೀಟು ಆಮೇಲೆ ಬಿಳಿ ಇರಲಿಲ್ಲ.

ತೂಗಿದರೆ 208 ಗ್ರಾಂ. ನೀರಿನಂಶ ಹೋಗಿ ತೂಕ ಇಳಿಯುತ್ತದೆ, ಆದರೆ ಗಾತ್ರ ಹಿಗ್ಗುತ್ತದೆ. ಹುರಿದ ನನ್ನ ವಿಷಯದಲ್ಲಿ ತೂಕ, ಗಾತ್ರ ಎರಡೂ ಇಳಿದಿದ್ದವು.

ಅಷ್ಟಕ್ಕೆ ಸುಮ್ನೆ ಇರಬಹುದಿತ್ತು. ಹುರಿದ ಬೀಜಕ್ಕೆ ಮೂರ್ನಾಲ್ಕು ದಿನ ವಿಶ್ರಾಂತಿ ಕೊಡಬೇಕು. ವಿಪರೀತ ತಾಜಾ ಬೀಜದಲ್ಲಿ ಗ್ಯಾಸ್ ಎಷ್ಟಿರುತ್ತದೆಂದರೆ, ಅದು ನೀರನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾನು ಹತ್ತೇ ನಿಮಿಷಕ್ಕೆ ಪುಡಿ ಮಾಡಿ ನೀರು ಸುರಿದೆ. ಪುಡಿ ಉಬ್ಬಿತು. "ನೋಡಿ, ನೋಡಿ!" ಅಂತ ಯಜಮಾನರನ್ನು ಕರೆದೆ. ಅವರು ಬರುವಷ್ಟರಲ್ಲಿ ಅದು ಅಂಚು ದಾಟಿ ಮೇಜಿನ ಮೇಲೆ ಹರಿದು ಅವರ ಪೇಪರ್ ತಲುಪಿತ್ತು. ರುಚಿ? ಒಂದು ಗುಟುಕಿನಲ್ಲಿ ಬೂದಿ, ಇನ್ನೊಂದರಲ್ಲಿ ಹುಲ್ಲು. ಉಳಿದದ್ದನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮುಚ್ಚಳ ಗಟ್ಟಿಯಾಗಿ ಒತ್ತಿಟ್ಟೆ. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ "ಟಪ್" ಅಂತ ಸದ್ದು. ಯಜಮಾನರು ಛತ್ರಿ ಹಿಡಿದು ಹೋದರು. ಕಳ್ಳ ಇರಲಿಲ್ಲ. ಮುಚ್ಚಳ ನೆಲದ ಮೇಲಿತ್ತು. "ಗ್ಯಾಸ್?" ಅಂದರು. "ಗ್ಯಾಸ್" ಅಂದೆ. ಮತ್ತೆ ಮಲಗಿದೆವು.

ಎರಡು ದಿನ ಕಳೆದು ಸಂಜೆ ಕಿಟಕಿ ಮುಚ್ಚಲು ಹೋದವಳು ಅಲ್ಲೇ ನಿಂತೆ. ಒದ್ದೆ ಹುಲ್ಲು. ಆಮೇಲೆ ಬ್ರೆಡ್ ಸೀದದ್ದು. ಆಮೇಲೆ ಹೊಗೆ. ಎರಡು ವರ್ಷದಿಂದ ನಾನು ಮೂಗು ಮುಚ್ಚಿಕೊಳ್ಳುತ್ತಿದ್ದ ಅದೇ ವಾಸನೆ! ಹುರಿಯುವಾಗ ಕಾಫಿ ಕಾಫಿಯ ಹಾಗೆ ನಾರುವುದಿಲ್ಲ, ಏನು ಮಾಡಲಿ. ಚಪ್ಪಲಿ ಸಿಕ್ಕಿಸಿಕೊಂಡು ಹಿಂದಿನ ಬೀದಿಗೆ ಓಡಿದೆ. ಅರ್ಧ ಎಳೆದ ಶಟರಿನ ಹಿಂದೆ ಒಂದು ಡ್ರಮ್ ತಿರುಗುತ್ತಿತ್ತು.

"ಇದು ಯಾವಾಗ ಹುರಿದದ್ದು?" ಅಂದೆ.

"ಈಗ" ಅಂದರು ಅಲ್ಲಿದ್ದವರು. "ಆದರೆ ಈಗ ಕೊಡಲ್ಲ. ಶನಿವಾರ ಬನ್ನಿ, ಸ್ವಲ್ಪ ಉಸಿರಾಡಲಿ."

ಅವರಿಗೆ ಕೈ ಮುಗಿಯಬೇಕು ಅನ್ನಿಸಿತು. ದಿನಾ ಹುರಿಯುತ್ತೀರಾ ಅಂತ ಕೇಳಿದೆ. "ಮೊದಲು ವಾರಕ್ಕೆ ನಾಲ್ಕು ದಿನ ಹುರೀತಿದ್ದೆ. ಆಮೇಲೆ ಅಕ್ಕಪಕ್ಕದವರು ದೂರು ಕೊಟ್ಟರು. ಈಗ ಎರಡೇ ದಿನ." ಗೋಡೆಯತ್ತ ಕೈ ತೋರಿಸಿದರು. ಫ್ರೇಮ್ ಹಾಕಿಸಿದ ಕಾಗದ. "ಅಸಹನೀಯ ದುರ್ವಾಸನೆ" ಎಂಬ ಪದದ ಕೆಳಗೆ ಎರಡು ಗೆರೆ. "ಯಾರೋ ಕೂತು ಚೆನ್ನಾಗಿ ಬರೆದಿದ್ದಾರೆ ಮೇಡಂ, ಅಕ್ಷರ ನೋಡಿ, ಮುತ್ತು."

ನನ್ನ ಅಕ್ಷರ ಮುತ್ತಿನಂತಿದೆ ಅಂತ ಶಾಲೆಯಲ್ಲೂ ಹೇಳುತ್ತಿದ್ದರು.

"ಹೆಸರು ಹೇಳಿ, ಅರ್ಧ ಕಿಲೋ ತೆಗೆದಿಡ್ತೀನಿ" ಅಂದರು. ಗೋಡೆಯ ಮೇಲೆ ಮೊದಲ ಸಹಿ ನನ್ನದು. ಯಜಮಾನರ ಹೆಸರು ಹೇಳೋಣ ಅಂದರೆ ಎರಡನೆಯದು ಅವರದ್ದು. ಗೆಳತಿಯ ಹೆಸರು ಹೇಳಿ ಬಂದೆ. ಶನಿವಾರದ ತನಕ ಅದು ಮರೆಯದಿದ್ದರೆ ಸಾಕು.