ಗುರುತಿನವರ ಮನೆಗಿಂತ ನೋಂದಣಿಯಾದ ಕರಾರು ಮೇಲು

ರಾಯಚೂರಿನಿಂದ ಮುಂಬೈಗೆ ಕೆಲಸಕ್ಕೆ ಬರುವ ಹುಡುಗರು ಫೋನ್ ಮಾಡಿ ಮೊದಲು ಕೇಳುವುದು ಒಂದೇ: "ಅಲ್ಲಿ ಗುರ್ತಿನವರದ್ದು ಯಾರದಾದ್ರೂ ಮನಿ ಖಾಲಿ ಐತೇನ್ರಿ?" ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನನಗೆ ಗುರುತಿನವರು ಬೇಕಾದಷ್ಟು ಜನ ಇದ್ದಾರೆ. ಆದರೂ ಗುರುತು ಬಿಡಿ, ಕರಾರು ನೋಡಿ ಅಂತಲೇ ಹೇಳುತ್ತೇನೆ.

ನಮ್ಮೂರಿನ ಪದ್ಧತಿ ಎಲ್ಲರಿಗೂ ಗೊತ್ತು. ನಿಜಲಿಂಗಪ್ಪ ಕಾಲೋನಿಯಲ್ಲೋ ಆಶಾಪುರ ರಸ್ತೆಯ ಕಡೆಯೋ ಒಂದು ಸುತ್ತು ಹಾಕಿದರೆ ಗೇಟಿಗೆ ಕಟ್ಟಿದ ಬೋರ್ಡು ಸಿಗುತ್ತದೆ. ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ಕೇಳಿದರಾಯಿತು. ಮಾಲೀಕರು ಕೆಳಗೆ, ನಾವು ಮೇಲೆ. ಒಳಗೆ ಕರೆದು ಚಹಾ ಕೊಡುತ್ತಾರೆ. ಕಪ್ಪು ಖಾಲಿಯಾಗುವಷ್ಟರಲ್ಲಿ "ನೀವು ಯಾರ ಪೈಕಿ?" ಬಂದೇ ಬರುತ್ತದೆ. ಉತ್ತರ ಹಿಡಿಸಿದರೆ ಮುಗಿಯಿತು, ಕಾಗದವೇ ಬೇಡ. ಬಾಡಿಗೆಯೂ ಕಡಿಮೆ. ಆದರೆ ಮಗನ ಮದುವೆ ಗೊತ್ತಾಯಿತು, ಬರುವ ತಿಂಗಳು ಖಾಲಿ ಮಾಡಿ ಅಂದರೆ ನಾವು ಏನು ತೋರಿಸಬೇಕು? ಅಡ್ವಾನ್ಸ್ ವಾಪಸ್ ಕೇಳಿದರೆ ಸುಣ್ಣ ಬಣ್ಣದ ಲೆಕ್ಕ ಬರುತ್ತದೆ. ಗುರುತಿನವರ ಜೊತೆ ಜಗಳ ಆಡಲೂ ಆಗುವುದಿಲ್ಲ, ಅಲ್ವಾ?

ಮುಂಬೈಯಲ್ಲಿ ಮೊದಲು ಹೆದರಿಸುವುದು ದುಡ್ಡು. ಹುಡುಗರು ಬಾಡಿಗೆ ಒಂದನ್ನೇ ಲೆಕ್ಕ ಹಾಕಿಕೊಂಡು ಬರುತ್ತಾರೆ. ದಲ್ಲಾಳಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೊಡಬೇಕು. ಡಿಪಾಸಿಟ್ ಬೇರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ರೂಢಿಗೆ ಹೋಲಿಸಿದರೆ ಇಲ್ಲಿನದು ವಾಸಿ, ಎರಡು ಮೂರು ತಿಂಗಳದಕ್ಕೇ ಎಷ್ಟೋ ಕಡೆ ಒಪ್ಪುತ್ತಾರೆ. ಹನ್ನೊಂದು ತಿಂಗಳಾದ ಮೇಲೆ ಕರಾರು ಹೊಸದು ಮಾಡುವಾಗ ದಲ್ಲಾಳಿ ಮತ್ತೆ ಕೈ ಚಾಚುತ್ತಾನೆ. ಇದು ನನಗೆ ಇವತ್ತಿಗೂ ಹಗಲು ದರೋಡೆ ಅನಿಸುತ್ತದೆ.

ಆದರೆ ಕಾಗದದ ವಿಷಯದಲ್ಲಿ ಮಹಾರಾಷ್ಟ್ರಕ್ಕೆ ಕೈ ಮುಗಿಯಬೇಕು. ಬಾಡಿಗೆಯ ಕರಾರು ಒಂದು ವರ್ಷ ಮೀರಿದರೆ ನೋಂದಣಿ ಆಗಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಅದನ್ನು ತಪ್ಪಿಸಲೆಂದೇ ದೇಶದ ತುಂಬ 11 ತಿಂಗಳ ಕರಾರು ಹುಟ್ಟಿಕೊಂಡಿತು. ಇಲ್ಲಿ ಆ ಉಪಾಯ ನಡೆಯುವುದಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಸೆಕ್ಷನ್ 55ರ ಪ್ರಕಾರ ಕರಾರು ಎಷ್ಟೇ ತಿಂಗಳದ್ದಿರಲಿ, ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು. ಮಾಡಿಸುವ ಹೊಣೆ ಮಾಲೀಕರದ್ದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಂದು ಮಾತು ನನಗೆ ತುಂಬಾ ಇಷ್ಟ: ನೋಂದಣಿಯಾದ ಕರಾರು ಇಲ್ಲದೆ ಜಗಳ ಬಂದರೆ, ಷರತ್ತುಗಳ ಬಗ್ಗೆ ಬಾಡಿಗೆಗೆ ಇರುವವರು ಹೇಳಿದ್ದೇ ಸರಿ ಎಂದು ಹಿಡಿಯುತ್ತಾರೆ. ಅದು ಸುಳ್ಳು ಎಂದು ಮಾಲೀಕರೇ ತೋರಿಸಬೇಕು. ರಾಯಚೂರಿನಲ್ಲಿ ಹೀಗೆ ಹೇಳಿದರೆ ನಗುತ್ತಾರೆ.

ಸ್ಟಾಂಪ್ ಡ್ಯೂಟಿ ಕರಾರಿನ ಅವಧಿಯ ಬಾಡಿಗೆಯ ಲೆಕ್ಕದಲ್ಲಿ ಶೇ 0.25. ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ. ಏಜೆಂಟರು ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬರುತ್ತಾರೆ.

ಕಾಗದ ಬಾಡಿಗೆದಾರನ ಪರವಾಗಿಯೇ ಇರುತ್ತದೆ ಅಂತ ತಿಳಿಯಬೇಡಿ. ಅವಧಿ ಮುಗಿದ ಮೇಲೂ ಖಾಲಿ ಮಾಡದಿದ್ದರೆ ಬಾಡಿಗೆಯ ಎರಡರಷ್ಟು ಕಟ್ಟಬೇಕಾಗುತ್ತದೆ. ಇನ್ನು "ಯಾರ ಪೈಕಿ" ಎನ್ನುವುದು ಇಲ್ಲಿಲ್ಲವೇ? ಇದೆ. ಚಹಾ ಇಲ್ಲದೆ ಇದೆ. ಮಾಂಸ ತಿನ್ನುತ್ತೀರಾ, ಮದುವೆಯಾಗಿದೆಯಾ ಅಂತ ದಲ್ಲಾಳಿ ಫೋನಿನಲ್ಲೇ ಕೇಳಿ ಇಟ್ಟುಬಿಡುತ್ತಾನೆ.

ಹೊಸ ಕಟ್ಟಡದ ಫ್ಲ್ಯಾಟು ಅಗ್ಗವಾಗಿ ಸಿಕ್ಕರೆ ಹುಡುಗರು ಕುಣಿಯುತ್ತಾರೆ. ನಾನು ಮೊದಲು ಕೇಳುವುದು ಓಸಿ ಬಂದಿದೆಯಾ ಅಂತ, ಅಂದರೆ ವಾಸಕ್ಕೆ ಯೋಗ್ಯ ಎಂಬ ಪಾಲಿಕೆಯ ಪತ್ರ. ನಕಲಿ ದಾಖಲೆಗಳ ಮೇಲೆ ಎದ್ದ 65 ಕಟ್ಟಡಗಳನ್ನು ಕೆಡವಿ ಎಂದು ಬಾಂಬೆ ಹೈಕೋರ್ಟ್ 2024ರಲ್ಲಿ ಹೇಳಿದ್ದು ಇದೇ ಕಲ್ಯಾಣ ಡೊಂಬಿವಲಿ ಪಾಲಿಕೆಯ ಜಾಗದಲ್ಲಿ. ಆಮೇಲೆ ನೀರು ಪಾಲಿಕೆಯದೋ ಟ್ಯಾಂಕರಿನದೋ ಕೇಳಬೇಕು. ಟ್ಯಾಂಕರ್ ಆದರೆ ಅದರ ಖರ್ಚು ಯಾರ ತಲೆ ಮೇಲೆ ಎಂಬುದು ಕರಾರಿನಲ್ಲೇ ಬರಲಿ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇರುವ ಜಿಲ್ಲೆಯಲ್ಲೂ ಕೊಡ ಹಿಡಿದು ಕಾಯ್ದವರು ನಾವು, ಇದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ಈಗ ರಾಯಚೂರಿನಲ್ಲೂ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಮಾಲೀಕರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ, ಬಾಡಿಗೆಗೆ ಬರುವವರು ಬೇರೆ ಜಿಲ್ಲೆಯವರು. ಒಬ್ಬರ ಮುಖ ಒಬ್ಬರು ನೋಡದ ಕಡೆ ಗುರುತು ಎಲ್ಲಿಂದ ತರುವುದು? ನಮ್ಮಣ್ಣ ಮೇಲಿನ ಮಹಡಿ ಬಾಡಿಗೆಗೆ ಕೊಡುವಾಗ ಕರಾರು ಬರೆಸು ಅಂದೆ. ಸುಮ್ನೆ ಖರ್ಚು ಅಂದ. ಮೊನ್ನೆ ಬಾಡಿಗೆಗೆ ಬಂದ ಬ್ಯಾಂಕಿನ ನೌಕರ ತಾವಾಗಿಯೇ ಬಾಂಡ್ ಪೇಪರ್ ತಂದು ಮುಂದಿಟ್ಟರಂತೆ. ಅವರಿಗೆ ಆಫೀಸಿನಲ್ಲಿ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆಗೆ ತೋರಿಸಬೇಕಂತೆ.