ಪವರ್ ಲೆಕ್ಕ ಸರಿ, ಉಳಿದದ್ದು?

‘2 ಲೀಟರ್ ಟರ್ಬೊ (ಗಾಳಿ ಒತ್ತಿ ತುಂಬುವ) ಇಂಜಿನ್ನಿನ ಸಿ63 ಕಾರೇ 680 ಪಿಎಸ್ (ಅಶ್ವಶಕ್ತಿ) ಕೊಡುವಾಗ ಎಂಟು ಸಿಲಿಂಡರಿನ ದೊಡ್ಡ ವಿ8 ಇಂಜಿನ್ ಯಾಕೆ ಬೇಕು’ ಅಂತ ಕೇಳಿದ್ದೀರಿ. ಮರ್ಸಿಡಿಸ್-ಎಎಂಜಿಯ ಆ ಕಾರಿನಲ್ಲಿ ಇಂಜಿನ್ ಒಂದೇ ಕೊಡೋದು 476. ಉಳಿದದ್ದು ಹಿಂದಿನ ಚಕ್ರಗಳ ಹತ್ತಿರ ಕೂರಿಸಿರುವ ಎಲೆಕ್ಟ್ರಿಕ್ ಮೋಟಾರಿನದು. ಮೋಟಾರು, ಬ್ಯಾಟರಿ ಸೇರಿ ತೂಕ 2,100 ಕಿಲೋ ದಾಟಿದೆ. ಮತ್ತೆ ಇಂಜಿನ್ ಚಿಕ್ಕದು ಮಾಡಿ ಉಳಿಸಿದ್ದೇನು?

ವೇಗದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಷ್ಟು ದುಡ್ಡು ಸುರಿಯುವವರು ಬರೀ ಸ್ಟಾಪ್‌ವಾಚ್ ನೋಡಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಅದುರಬಾರದು, ಓವರ್‌ಟೇಕ್ ಮಾಡುವಾಗ ಇಂಜಿನ್ ಕಿರುಚಬಾರದು, ಅಲ್ವಾ? ಈ 2 ಲೀಟರ್ ಇಂಜಿನ್ನಿನಂಥ ನಾಲ್ಕು ಸಿಲಿಂಡರಿಗೆ ಅದುರೋದು ಹುಟ್ಟುಗುಣ. ಬ್ಯಾಲೆನ್ಸ್ ಶಾಫ್ಟ್ ಅನ್ನೋ, ಅದುರಾಟಕ್ಕೆ ಎದುರಾಗಿ ತಿರುಗುವ ಕಂಬಿ ಹಾಕಿ ಅಡಗಿಸಬೇಕು. ಸಾಲಾಗಿ ಆರು ಸಿಲಿಂಡರ್ ಇಟ್ಟರೆ ಆ ಕಾಟವೇ ಇಲ್ಲ.

ಇನ್ನೊಂದು, ‘ದೊಡ್ಡ ಇಂಜಿನ್ನೋ ಟರ್ಬೊನೋ’ ಅನ್ನೋ ಪ್ರಶ್ನೆಯೇ ಸುಮ್ನೆ. ರೋಲ್ಸ್-ರಾಯ್ಸ್ ಫ್ಯಾಂಟಮ್‌ನ 6.75 ಲೀಟರ್ ವಿ12ಗೂ ಎರಡು ಟರ್ಬೊ ಇವೆ. ಇಂಜಿನ್ ನಿಮಿಷಕ್ಕೆ 1,700 ಸುತ್ತು ತಿರುಗುವಾಗಲೇ 900 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಸಿಗುತ್ತೆ, ಒಳಗೆ ಕೂತವರಿಗೆ ಸದ್ದೇ ಗೊತ್ತಾಗಲ್ಲ. ಎಲ್ಲರಿಗೂ ವಿ12 ಬೇಕು ಅಂತಲ್ಲ. ಸಿ63ಗೆ 3 ಲೀಟರಿನ ಆರು ಸಿಲಿಂಡರ್ ಧಾರಾಳ ಸಾಕಿತ್ತು.