ಸಮವಸ್ತ್ರದ ಬಣ್ಣದ ಹಿಜಾಬ್

ಉಡುಪಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಶುರುವಾಗಿ ಹೈಕೋರ್ಟ್ ಮೆಟ್ಟಿಲೇರಿದ ಹಿಜಾಬ್ ವ್ಯಾಜ್ಯದಲ್ಲಿ ಒಂದು ಕೋರಿಕೆ ಗದ್ದಲದೊಳಗೆ ಮುಳುಗಿಹೋಯಿತು. ಸಮವಸ್ತ್ರದ ಬಣ್ಣದ್ದೇ ಬಟ್ಟೆಯನ್ನು ತಲೆಗೆ ಹೊದ್ದುಕೊಳ್ಳಲು ಬಿಡಿ ಎಂದು ವಿದ್ಯಾರ್ಥಿನಿಯರ ಪರವಾಗಿ ಕೇಳಲಾಗಿತ್ತು. ಹಾಗೆ ಬಿಟ್ಟರೆ ತರಗತಿಯಲ್ಲಿ ಎರಡು ಬಗೆಯ ಹುಡುಗಿಯರಾಗುತ್ತಾರೆ ಎಂದು 2022ರ ಮಾರ್ಚ್ 15ರ ತೀರ್ಪು ಅದನ್ನೂ ತಳ್ಳಿಹಾಕಿತು. ಇಂಗ್ಲೆಂಡಿನಲ್ಲಿ ನೆಲೆಸಿರುವ ನನಗೆ ಆ ತೀರ್ಪಿನಲ್ಲಿ ಹೆಚ್ಚು ನೋವಾಗುವುದು ಅದಕ್ಕೇ. ಇಲ್ಲಿನ ಎಷ್ಟೋ ಶಾಲೆಗಳು ಗಂಟು ಬಿಡಿಸಿಕೊಂಡದ್ದು ಅದೇ ದಾರಿಯಲ್ಲಿ.

ಇಲ್ಲಿ ದೇಶಕ್ಕೆಲ್ಲ ಒಂದೇ ಹಿಜಾಬ್ ಕಾನೂನಿಲ್ಲ. 2010ರ ಸಮಾನತಾ ಕಾಯ್ದೆಗೆ ಒಳಪಟ್ಟು ಆಯಾ ಶಾಲೆಯ ಆಡಳಿತ ಮಂಡಳಿಯೇ ಸಮವಸ್ತ್ರ ಗೊತ್ತುಮಾಡುತ್ತದೆ. ಹಿಜಾಬ್ ಒಪ್ಪಿದ ಕಡೆ ನಿಯಮ ಸಾಮಾನ್ಯವಾಗಿ ಎರಡೇ ಸಾಲಿನದು: ಇಂಥ ಬಣ್ಣದ ಸಾದಾ ಬಟ್ಟೆಯಿರಲಿ, ತುದಿಗಳು ಜೋಲದಿರಲಿ. ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆಂದಲ್ಲ. ಲೂಟನ್ ಊರಿನ ಡೆನ್ಬಿ ಹೈಸ್ಕೂಲ್ ಸಲ್ವಾರ್ ಕಮೀಜ್‌ಗೂ ತಲೆವಸ್ತ್ರಕ್ಕೂ ಅವಕಾಶ ಕೊಟ್ಟು, ಕಾಲಿನವರೆಗೆ ಇಳಿಬೀಳುವ ಜಿಲ್ಬಾಬ್ ಬೇಡ ಅಂದಿತ್ತು. 2006ರಲ್ಲಿ, ಆಗ ಇಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಶಾಲೆಯ ಮಾತನ್ನೇ ಎತ್ತಿಹಿಡಿಯಿತು. ನಿಯಮ ರೂಪಿಸುವಾಗ ಪೋಷಕರನ್ನೂ ಮಸೀದಿಗಳನ್ನೂ ಕೇಳಿಕೊಂಡಿದ್ದುದು ಅಲ್ಲಿ ಶಾಲೆಯ ಕೈಹಿಡಿಯಿತು.

ನಿಜವಾದ ತೊಡಕುಗಳಿರುವುದು ಬಟ್ಟೆ ಮತ್ತು ಪಿನ್ನಿನಲ್ಲಿ. ಶಿಫಾನ್ ಜಾರುತ್ತದೆ, ಜಾರಿದಷ್ಟೂ ಪಿನ್ನುಗಳು ಹೆಚ್ಚುತ್ತವೆ. ಎರಡೂ ಕೈ ಬಟ್ಟೆಯ ಮೇಲಿರುವಾಗ ಪಿನ್ನನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವ ಅಭ್ಯಾಸ ಬಹಳ ಮಂದಿಗಿದೆ. ಆಗ ನಕ್ಕರೋ ಮಾತಾಡಿದರೋ ಅದು ಉಸಿರಿನೊಡನೆ ಶ್ವಾಸನಾಳಕ್ಕೆ ಇಳಿದುಬಿಡಬಹುದು. ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳದೊಳಗೆ ಕೊಳವೆ ಇಳಿಸಿ ಹೊರತೆಗೆದ ಇಂಥ ಪ್ರಕರಣಗಳನ್ನು ಅನೇಕ ದೇಶಗಳ ವೈದ್ಯರು ದಾಖಲಿಸಿದ್ದಾರೆ. ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯದು, ತಲೆಯ ಮೇಲಿಂದ ಎಳೆದು ತೊಡುವ, ಹೊಲಿದೇ ಬರುವ ಒಂದೇ ತುಂಡಿನ ಹಿಜಾಬ್. ಅದಕ್ಕೆ ಪಿನ್ನೇ ಬೇಡ, ಆಟದ ಮೈದಾನಕ್ಕೂ ಆಗುತ್ತದೆ. ಕೆಮಿಸ್ಟ್ರಿ ಲ್ಯಾಬಿಗೆ ಪಾಲಿಯೆಸ್ಟರ್ ಕೂಡದು, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯದಾದರೂ ತುದಿಗಳನ್ನು ಕೋಟಿನೊಳಗೆ ಸಿಕ್ಕಿಸಬೇಕು. ಹಿಜಾಬಿನ ಅಡಿಗೆ ಹಾಕುವ ಒಳಟೋಪಿ ಬಿಗಿಯಾದರೆ ತಲೆನೋವು, ಒದ್ದೆ ಕೂದಲಿನ ಮೇಲೆಯೇ ಕಟ್ಟಿಕೊಂಡರೆ ನೆತ್ತಿ ತುರಿಕೆ. ಆಪರೇಷನ್ ಥಿಯೇಟರಿಗೆಂದು ಇಲ್ಲಿನ ರಾಯಲ್ ಡರ್ಬಿ ಆಸ್ಪತ್ರೆ 2019ರಲ್ಲಿ ಒಮ್ಮೆ ಬಳಸಿ ಎಸೆಯುವ, ಕ್ರಿಮಿರಹಿತ ಹಿಜಾಬನ್ನೇ ತಂದಿತು.

ಪರೀಕ್ಷೆಯಲ್ಲಿ ನಕಲಿಗೆ ದಾರಿಯಾಗುತ್ತದೆ ಎಂಬ ಆತಂಕಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಹಿಜಾಬ್ ತೊಟ್ಟು ಬರುವವರು ಅರ್ಧ ಗಂಟೆ ಮೊದಲೇ ಬಂದು ತಪಾಸಣೆ ಮಾಡಿಸಿಕೊಳ್ಳಲಿ ಎಂದು ಕೇರಳ ಹೈಕೋರ್ಟ್ 2016ರಲ್ಲೇ ಹೇಳಿತ್ತು. ಮುಖ ಮುಚ್ಚುವ ನಿಖಾಬಿನ ವಿಷಯ ಬೇರೆ, ಗುರುತು ನೋಡುವಲ್ಲಿ ಅದನ್ನು ಸರಿಸಲೇಬೇಕು.

ಮನೆಯವರ ಒತ್ತಾಯಕ್ಕೆ ತೊಡುವವರಿಲ್ಲವೇ? ಇದ್ದಾರೆ, ಅದನ್ನು ಮುಚ್ಚಿಡುವುದು ಆ ಹುಡುಗಿಯರಿಗೆ ಮಾಡುವ ದ್ರೋಹ. ಒತ್ತಾಯ ಕಾನೂನೇ ಆದರೆ ಏನಾಗುತ್ತದೆಂದು ಇರಾನ್ ತೋರಿಸಿದೆ: ಹಿಜಾಬ್ ಸರಿಯಾಗಿ ತೊಟ್ಟಿಲ್ಲವೆಂದು ಹಿಡಿದೊಯ್ದ ಮಹ್ಸಾ ಅಮೀನಿ 2022ರ ಸೆಪ್ಟೆಂಬರಿನಲ್ಲಿ ಪೊಲೀಸರ ವಶದಲ್ಲಿದ್ದಾಗಲೇ ಕುಸಿದು ತೀರಿಕೊಂಡಳು. ಫ್ರಾನ್ಸ್ 2004ರ ಕಾನೂನಿನಿಂದ ಸರ್ಕಾರಿ ಶಾಲೆಗಳಲ್ಲಿ ಅದನ್ನು ತೆಗೆಸಿತು. ಎರಡೂ ಕಡೆ ತೀರ್ಮಾನ ಅವಳದ್ದಾಗಲಿಲ್ಲ. ಒತ್ತಾಯಕ್ಕೆ ತೊಟ್ಟವಳನ್ನು ಗೇಟಿನಿಂದಲೇ ವಾಪಸ್ಸು ಕಳಿಸಿದರೆ, ಒತ್ತಾಯ ಮಾಡಿದವರ ಕೈಗೇ ಅವಳನ್ನು ಒಪ್ಪಿಸಿದಂತಾಗುತ್ತದೆ. ಓದು ಮುಗಿಸಿ ಕೆಲಸ ಹಿಡಿದವಳಿಗಾದರೆ ಬೇಡ ಅನ್ನುವ ಶಕ್ತಿಯಾದರೂ ಬಂದೀತು.

ಉಡುಪಿಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2022ರ ಅಕ್ಟೋಬರ್ 13ರಂದು ಭಿನ್ನ ತೀರ್ಪು ಕೊಟ್ಟರು, ಹಾಗಾಗಿ ಆ ತೀರ್ಪಿನಿಂದ ಪ್ರಶ್ನೆ ಇತ್ಯರ್ಥವಾಗಲಿಲ್ಲ. ನಮ್ಮ ಕಾಲೇಜು ಅಭಿವೃದ್ಧಿ ಸಮಿತಿಗಳು ನಿಯಮ ಬರೆಯುವುದಾದರೆ ಹೀಗೆ ಬರೆಯಲಿ ಎಂಬುದು ನನ್ನ ಆಸೆ: ಸಮವಸ್ತ್ರದ ಬಣ್ಣ, ಹತ್ತಿ ಬಟ್ಟೆ, ಪಿನ್ ಬೇಡ, ಮುಖ ಕಾಣಲಿ. ತೊಡದವಳನ್ನು ಯಾಕೆಂದು ಯಾರೂ ಕೇಳಬಾರದು. ತೊಡುವವಳು ತರಗತಿಯೊಳಗೆ ಒಂದು ದಿನ ತೆಗೆದಿಟ್ಟರೆ ಆ ಸುದ್ದಿ ಕಾಲೇಜಿನಿಂದ ಅವಳ ಮನೆಗೆ ಹೋಗಬಾರದು.